ಪೆಟ್ಟು ತಲೆಗೆ, ವರದಿ ನಾರ್ಮಲ್

'ನಾರ್ಮಲ್' ಎಂಬ ಶಬ್ದ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಎಕ್ಸ್‌ರೇ ನಾರ್ಮಲ್, ರಕ್ತ ನಾರ್ಮಲ್, ಕಣ್ಣು ನಾರ್ಮಲ್, ಸೊಲ್ಲಾಪುರದವರೆಗೂ ಹೋಗಿ ತೆಗೆಸಿಕೊಂಡು ಬಂದ ಸ್ಕ್ಯಾನ್ ಕೂಡ ನಾರ್ಮಲ್. ಇಷ್ಟೆಲ್ಲ ನಾರ್ಮಲ್ ಆಗಿದ್ದ ಮನುಷ್ಯ ಹಾಸಿಗೆಯಿಂದ ಎದ್ದರೆ ಗೋಡೆ ಹಿಡಿದು ನಿಲ್ಲಬೇಕಾಗಿತ್ತು. ಪುಸ್ತಕ ತೆರೆದರೆ ಸಾಲುಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಕುಕ್ಕರ್ ಸೀಟಿ ಹೊಡೆದರೆ ಯಾರೋ ಕಿವಿಯಲ್ಲಿ ಮೊಳೆ ಬಡಿದಂತಾಗುತ್ತಿತ್ತು.

ತಲೆಗೆ ಪೆಟ್ಟು ಬಿದ್ದು, ಹೊರಗೆ ಗಾಯ ಕಾಣದೆ, ಮನೆಯವರ ಮುಂದೆ ಸುಳ್ಳುಗಾರನ ಹಾಗೆ ಕೂತವರು ಎಲ್ಲಾದರೂ ಇದ್ದೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈಗ ನಾನು ಚೆನ್ನಾಗಿದ್ದೇನೆ. ಮಿಣುಕುವ ಟ್ಯೂಬ್‌ಲೈಟಿನ ಕೆಳಗೆ ಕೂಡಲು ಈಗಲೂ ಆಗುವುದಿಲ್ಲ, ಅಷ್ಟೇ.

ತೊಂಬತ್ತರ ದಶಕದ ಮಾತು. ನನ್ನ ಊರು ಕಮಲಾಪುರ. ಅಪ್ಪ ಅಲ್ಲಿಯ ಶಾಲೆಯಲ್ಲಿ ಮಾಸ್ತರರು. ಬಿ.ಎಸ್ಸಿ. ಓದಲೆಂದು ನಾನು ಕಲಬುರಗಿಗೆ ಬಂದು, ಗಾಜಿಪುರದಲ್ಲಿ ಅವ್ವನ ತಮ್ಮನ ಮನೆಯಲ್ಲಿದ್ದೆ. ಓದಿದ್ದು ಎಷ್ಟೋ, ಆಡಿದ್ದು ಮಾತ್ರ ಬಹಳ. ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ನಾನೇ ಗೋಲ್‌ಕೀಪರ್.

ನಮ್ಮ ಕಾಲೇಜಿಗೂ ಸ್ಟೇಶನ್ ಕಡೆಯ ಕಾಲೇಜಿಗೂ ವರ್ಷಕ್ಕೊಮ್ಮೆ ಮ್ಯಾಚ್ ಇರುತ್ತಿತ್ತು. ಆ ದಿನ ಎರಡೂ ಕಡೆ ಪಾಠ ನಡೆಯುತ್ತಿರಲಿಲ್ಲ. ನಡೆದರೂ ಕೇಳಲು ಯಾರೂ ಇರುತ್ತಿರಲಿಲ್ಲ. ಆಟೋದವರು ಆಟೋ ನಿಲ್ಲಿಸಿ ಮೈದಾನದ ಕಂಪೌಂಡು ಹತ್ತುತ್ತಿದ್ದರು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಕಾಲೇಜಿನಲ್ಲಿದ್ದರೆ ಆ ವಾರ ಬೇರೆ ಬೇರೆ ಹೊತ್ತಿಗೆ ಊಟಕ್ಕೆ ಕೂಡುತ್ತಿದ್ದರು.

ನನಗೆ ಪೆಟ್ಟು ಬಿದ್ದ ಮ್ಯಾಚಿನ ಬಗ್ಗೆ ನಾನು ಹೇಳುವುದೆಲ್ಲ ಬೇರೆಯವರ ಬಾಯಿಂದ ಕೇಳಿದ್ದು. ಅವರ ಕಡೆಯ ಮುಖ್ಯ ಆಟಗಾರ ಇಮ್ತಿಯಾಜ್ ಚೆಂಡು ತಂದನಂತೆ, ನಾನು ಅವನ ಕಾಲಿಗೆ ಹಾರಿದೆನಂತೆ, ಅವನ ಮೊಣಕಾಲು ನನ್ನ ಕಪಾಳದ ಮೇಲ್ಗಡೆ ಬಡಿಯಿತಂತೆ. ನಾನು ಮೈ ಸಡಿಲಿ ಬಿದ್ದೆನಂತೆ. ನಮ್ಮ ದೈಹಿಕ ಶಿಕ್ಷಣದ ಸರ್ ಓಡಿ ಬಂದು ಮುಖಕ್ಕೆ ಒಂದು ತಂಬಿಗೆ ನೀರು ಹೊಡೆದು, "ಏಳಪಾ ಹುಲಿ, ಏನೂ ಆಗಿಲ್ಲ" ಎಂದರಂತೆ. ಹುಲಿ ಎದ್ದು ನೇರವಾಗಿ ಎದುರಾಳಿಗಳ ಗೋಲಿನ ಕಡೆ ನಡೆಯಿತಂತೆ. ನಮ್ಮ ಕ್ಯಾಪ್ಟನ್ ಬಸವರಾಜ ನನ್ನ ಭುಜ ಹಿಡಿದು ತಿರುಗಿಸಿ ನಮ್ಮ ಗೋಲಿಗೆ ತಂದು ನಿಲ್ಲಿಸಿದನಂತೆ. ಮೈದಾನವೆಲ್ಲ ನಕ್ಕಿತಂತೆ.

ನಗುವುದಕ್ಕೆ ಇನ್ನೂ ಇದೆ. ಆಮೇಲೆ ನಾನು ಅರ್ಧ ಗಂಟೆ ಆಡಿದೆ. ಗೋಲಾಗಬೇಕಿದ್ದ ಚೆಂಡೊಂದನ್ನು ತಡೆದೆ. ನಾವು ಗೆದ್ದೆವು. ನನ್ನನ್ನು ಹೆಗಲ ಮೇಲೆ ಹೊತ್ತು, ಕುಣಿಸಿ, ಹಲಗೆ ಬಾರಿಸುತ್ತ ಮೆರವಣಿಗೆ ಮಾಡಿದರು. ಆ ಮೆರವಣಿಗೆಯಲ್ಲಿ ನಾನು ಬಸವರಾಜನ ತಲೆಯ ಮೇಲೆ ವಾಂತಿ ಮಾಡಿಕೊಂಡೆ. ಅದನ್ನೂ ಗೆದ್ದ ಖುಷಿಯ ಲೆಕ್ಕಕ್ಕೇ ಹಾಕಿದರು.

ಮರುದಿನದಿಂದ ಶುರುವಾಯಿತು. ತಲೆನೋವು ಎಂದರೆ ಜನ ತಮ್ಮ ತಮ್ಮ ತಲೆನೋವನ್ನು ನೆನೆಯುತ್ತಾರೆ. ಇದು ಆ ಜಾತಿಯದಲ್ಲ. ತಲೆಯೊಳಗೆ ನೀರು ತುಂಬಿದ ಕೊಡವಿದ್ದು, ನಾನು ತಿರುಗಿದ ಮೇಲೆ ಅದು ನಿಧಾನವಾಗಿ ತಿರುಗಿದ ಹಾಗೆ. ಎಲ್ಲಕ್ಕಿಂತ ಹೆಚ್ಚಿನದು ಬೆಳಕು. ಬೆಳಕು ಕಂಡರೆ ಆಗದ ರೋಗ ಬರಬೇಕೆಂದಿದ್ದರೆ ಮಂಜು ಬೀಳುವ ಊರಿನವರಿಗೆ ಬರಲಿ. ಕಲಬುರಗಿಯ ಬಿಸಿಲಿನಲ್ಲಿ ಬದುಕುವವನಿಗೆ ಬಂದರೆ ಎಲ್ಲಿ ಹೋಗಿ ಅಡಗಬೇಕು?

ಮಾಮಾ ಬ್ಯಾಂಕಿನಲ್ಲಿದ್ದರು, ಎಲ್ಲವನ್ನೂ ತಾಳೆ ಹಾಕಿ ನೋಡುವ ಮನುಷ್ಯ. "ಪರೀಕ್ಷಾ ಬಂದದ ಅಂತ ತಲಿನೋವು ಬಂದದ. ಪರೀಕ್ಷಾ ಮುಗದ ಮ್ಯಾಲ ತಾನ ಹೋಗ್ತದ" ಎಂದರು. ಮಾಮಿ, "ಪಿತ್ತ ಆಗ್ಯದ" ಎಂದು ಶುಂಠಿ ರಸ ಕುಡಿಸಿದರು. ಪಕ್ಕದ ಮನೆಯಾಕೆ ದೃಷ್ಟಿ ತೆಗೆದು, ಒಲೆಗೆ ಮೆಣಸಿನಕಾಯಿ ಹಾಕಿ, ಅದರ ಘಾಟಿಗೆ ನಾನು ಕೆಮ್ಮಿ ಕೆಮ್ಮಿ ತಲೆ ಹಿಡಿದುಕೊಂಡಾಗ, "ನೋಡ್ರಿ, ಎಷ್ಟು ದೃಷ್ಟಿ ಆಗಿತ್ತು!" ಎಂದು ಸಂತೋಷಪಟ್ಟಳು. ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟರು. ಗೆಳೆಯರು, "ಯಾರಲೇ ಆಕಿ?" ಎಂದು ಕೇಳಿದರು.

ಸುದ್ದಿ ತಿಳಿದು ಅಪ್ಪ ಬಂದರು. ಅವರು ಬಂದ ಮೇಲೆ ಆಸ್ಪತ್ರೆಗಳ ಸುತ್ತಾಟ. ಎಲ್ಲ ಡಾಕ್ಟರೂ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು, ನನ್ನ ಮುಖ ನೋಡಿದವರು ಕಡಿಮೆ. ಸೊಲ್ಲಾಪುರದ ಸ್ಕ್ಯಾನ್ ಕೂಡ ನಾರ್ಮಲ್ ಎಂದು ಬಂದ ದಿನ ಬಸ್ಸಿನಲ್ಲಿ ಅಪ್ಪ ಬಹಳ ಹೊತ್ತು ಕಿಟಕಿಯ ಹೊರಗೇ ನೋಡುತ್ತಿದ್ದರು. ಕೊನೆಗೆ ಮೆಲ್ಲಗೆ ಕೇಳಿದರು: "ಶೀನಾ, ನನಗ ಖರೇ ಹೇಳು. ಓದಲಿಕ್ಕೆ ಆಗವಲ್ದು ಅಂದ್ರ ಆಗವಲ್ದು ಅನ್ನು. ನಾ ಬೈಯೂದಿಲ್ಲ."

ಅಪ್ಪ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಸಮಾಧಾನವಾಗಿ ಕೇಳಿದ್ದು ಬಹಳ ನೋಯಿಸಿತು. ಏಕೆಂದರೆ ಅವರೂ ನಂಬಿರಲಿಲ್ಲ. ಅದಕ್ಕಿಂತ ಕೆಟ್ಟದೆಂದರೆ, ಆ ಹೊತ್ತಿಗೆ ನನಗೇ ನನ್ನ ಮೇಲೆ ಅನುಮಾನ ಬರತೊಡಗಿತ್ತು.

ಕಾಲೇಜು ಬಿಟ್ಟು ಕಮಲಾಪುರಕ್ಕೆ ಹೋದೆ. ಅವ್ವ ನಡುಮನೆಯ ಕಿಟಕಿಗಳಿಗೆ ಹಳೆಯ ಜಮಖಾನೆ ತೂಗುಹಾಕಿ, ಅದಕ್ಕೆ ನೀರು ಚಿಮುಕಿಸಿ ಕತ್ತಲೆ, ತಂಪು ಮಾಡಿಕೊಟ್ಟಳು. ಯಾಕೆ ಏನು ಎಂದು ಕೇಳಲಿಲ್ಲ. ಆದರೆ ನಮ್ಮ ಮನೆ ಹೆದ್ದಾರಿಯ ಹತ್ತಿರ. ಬೀದರ ಕಡೆ ಹೋಗುವ ಲಾರಿಗಳೆಲ್ಲ ನಮ್ಮ ಓಣಿಯ ಬಾಯಿಗೆ ಬಂದೇ ಹಾರ್ನ್ ಹೊಡೆಯುತ್ತಿದ್ದವು. ನೋಡಲು ಬಂದವರ ಕಾಟ ಬೇರೆ. ಬಂದವರೆಲ್ಲ ಜಮಖಾನೆ ಸರಿಸಿ, "ಏನಪಾ ಹಿಂಗ್ಯಾಕ ಕತ್ತಲದಾಗ ಮಲಗೀದಿ? ಸ್ವಲ್ಪ ಗಾಳಿ ಬೆಳಕು ಬರಲಿ" ಎನ್ನುತ್ತಿದ್ದರು. ಬರುವಾಗ ಕೆಂಬಾಳೆ ತರುತ್ತಿದ್ದರು. ನಮ್ಮೂರಲ್ಲಿ ಅದಕ್ಕೇನು ಬರವೇ? ಮನೆಯ ಮೂಲೆಯಲ್ಲೆಲ್ಲ ಬಾಳೆಹಣ್ಣಿನ ವಾಸನೆ ತುಂಬಿ ನಾನು ಮುಖದ ಮೇಲೆ ಹೊದಿಕೆ ಎಳೆದುಕೊಳ್ಳುತ್ತಿದ್ದೆ.

ಒಂದು ಸಂಜೆ ಬಾಗಿಲಲ್ಲಿ ಮೋಟರ್ ಸೈಕಲ್ ನಿಂತ ಸಪ್ಪಳವಾಯಿತು. ಬಂದವನು ಇಮ್ತಿಯಾಜ್. ಮೈದಾನದ ಹೊರಗೆ ನಾವಿಬ್ಬರೂ ಒಂದು ಮಾತೂ ಆಡಿದವರಲ್ಲ. ಅವನು ಯಾರೆಂದು ತಿಳಿಯದೆಯೇ ಅವ್ವ ಒಳಗೆ ಕರೆದಳು. ಅವನು ಜಮಖಾನೆ ಸರಿಸಲಿಲ್ಲ. ಕತ್ತಲೆಯಲ್ಲೇ ತಡವರಿಸುತ್ತ ಬಂದು ನನ್ನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತ. ಪಿಸುಮಾತಿನಲ್ಲಿ ಕೇಳಿದ:

"ಜೋರ ಮಾತಾಡಿದ್ರ ತ್ರಾಸ ಆಗ್ತದೇನು?"

ಇಷ್ಟು ದಿನಗಳಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಹೌದೆಂದು ತಲೆ ಅಲ್ಲಾಡಿಸಿದೆ.

"ನೀನು ನಾಟಕ ಮಾಡಾಕತ್ತೀದಿ ಅಂತ ಊರಾಗ ಮಾತಾಡ್ತಾರ. ನಾ ಒಪ್ಪಂಗಿಲ್ಲ, ಭಾಯಿ. ನಿನ್ನ ತಲಿಗೆ ಬಡದದ್ದು ನನ್ನ ಮೊಣಕಾಲು. ಅದರ ಸಪ್ಪಳ ನಾ ಕೇಳೀನಿ. ನೀ ಎದ್ದಾಗ ನಿನ್ನ ಕಣ್ಣೂ ನೋಡೀನಿ. ಮನ್ಯಾಗ ದೀಪ ಹತ್ಯದ, ಒಳಗ ಯಾರೂ ಇಲ್ಲ, ಹಂಗಿತ್ತು. ಎಲ್ಲಾರೂ ನಕ್ರು. ನನಗ ಅಂಜಿಕಿ ಬಂತು."

ಅವನ ಅಣ್ಣನೊಬ್ಬ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹೈದರಾಬಾದಿನಿಂದ ನರಗಳ ಡಾಕ್ಟರೊಬ್ಬರು ತಿಂಗಳಿಗೊಮ್ಮೆ ಕಲಬುರಗಿಯ ನರ್ಸಿಂಗ್ ಹೋಮಿಗೆ ಬರುತ್ತಾರೆಂದು ಅವನೇ ಹೇಳಿದ್ದ. ಇಮ್ತಿಯಾಜ್ ನನ್ನ ಹೆಸರು ಬರೆಸಿಯೇ ಬಂದಿದ್ದ. ಹೋಗುವಾಗ ಮೋಟರ್ ಸೈಕಲನ್ನು ಓಣಿಯ ತುದಿಯವರೆಗೆ ತಳ್ಳಿಕೊಂಡು ಹೋಗಿ, ಅಲ್ಲಿ ಚಾಲೂ ಮಾಡಿದ.

ಆ ನರ್ಸಿಂಗ್ ಹೋಮಿನ ವರಾಂಡ ನನ್ನ ಬದುಕಿನ ಅತಿ ಉದ್ದದ ಮಧ್ಯಾಹ್ನ. ಫಿಟ್ಸಿನವರು, ಲಕ್ವ ಹೊಡೆದವರು, ತಲೆಶೂಲೆಯವರು ಎಲ್ಲ ಸಾಲಾಗಿ ಕೂತಿದ್ದೆವು. ಎದುರಿಗೆ ಟಿ.ವಿ.; ಅದರಲ್ಲಿ ಕ್ರಿಕೆಟ್ ಮ್ಯಾಚ್. ತಲೆನೋವಿನವರನ್ನು ಕೂಡಿಸುವ ಜಾಗದಲ್ಲಿ ಟಿ.ವಿ. ಇಟ್ಟ ಪುಣ್ಯಾತ್ಮ ಯಾರೋ! ಸ್ವಲ್ಪ ಸಪ್ಪಳ ಕಡಿಮೆ ಮಾಡಿರೆಂದು ಅಪ್ಪ ಕೇಳಿದರೆ ಕಾಂಪೌಂಡರ್ ಬೇಸರದಿಂದ, "ಕೊನೀ ಓವರ್ ಅದ ರೀ ಮಾಸ್ತರ" ಎಂದ. ಕೊನೆಯ ಓವರ್ ಮುಗಿಯುವಷ್ಟರಲ್ಲಿ ನಾನು ಅವರ ಹೂಕುಂಡದಲ್ಲಿ ವಾಂತಿ ಮಾಡಿಕೊಂಡಿದ್ದೆ. ಕಾಂಪೌಂಡರ್ ಟಿ.ವಿ. ಆರಿಸಿದ. ಲಕ್ವ ಹೊಡೆದಿದ್ದ ಅಜ್ಜನೊಬ್ಬ ತನ್ನ ಸರಿಯಿದ್ದ ಕೈಯಿಂದ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕಣ್ಣ ಮೇಲೆ ಹಾಕಿದ. ಅದಕ್ಕೆ ತಂಬಾಕಿನ ವಾಸನೆಯಿತ್ತು. ಅದರೊಳಗೆ ಎಷ್ಟು ನೆಮ್ಮದಿಯಾಗಿತ್ತೆಂದರೆ ಒಳಗೆ ಕರೆದಾಗ ಬಿಟ್ಟು ಏಳಲು ಮನಸ್ಸಾಗಲಿಲ್ಲ.

ಡಾಕ್ಟರು ಹೆಣ್ಣುಮಗಳು, ನಡುವಯಸ್ಸು. ನಮ್ಮ ಕೈಯಲ್ಲಿದ್ದ ಚೀಲದಿಂದ ಸ್ಕ್ಯಾನ್ ಹೊರಗೆ ತೆಗೆಯಲು ಹೋದರೆ, "ಅದು ಆಮೇಲೆ" ಎಂದರು. ವರ್ಷದ ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳೆಂದರು. ನಾನು ಸೆಪ್ಟೆಂಬರಿನವರೆಗೆ ಬಂದು, ಮತ್ತೆ ಅಕ್ಟೋಬರಿಗೆ ಹೋಗಿ, ಅಲ್ಲೇ ಸಿಕ್ಕಿಬಿದ್ದೆ. ಅಪ್ಪ ನನ್ನನ್ನೇ ನೋಡುತ್ತಿದ್ದರು. ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಮನುಷ್ಯ. ನಾನು ಬೇಕೆಂದೇ ತಪ್ಪುತ್ತಿಲ್ಲ ಎಂದು ಅವರಿಗೆ ಆಗ ತಿಳಿಯಿತು ಅನಿಸುತ್ತದೆ. ಅವರ ಕೈ ಮೆಲ್ಲಗೆ ನನ್ನ ಬೆನ್ನಿನ ಮೇಲೆ ಬಂತು.

ಡಾಕ್ಟರು ಆಮೇಲೆ ನಮ್ಮ ಜೊತೆ ಬಂದಿದ್ದ ಅವ್ವನ ಕಡೆ ತಿರುಗಿದರು. "ಅಮ್ಮಾ, ಹುಡುಗ ಮೊದಲು ಹೇಗಿದ್ದ?"

ಅವ್ವ ಸೆರಗು ಬಾಯಿಗೆ ಹಿಡಿದಳು. "ಭಾಳ ಮಾತಾಡ್ತಿದ್ದ ರೀ. ಅಡಗಿಮನಿಗೆ ಬಂದು ನನ್ನ ತಲಿ ತಿಂತಿದ್ದ. ಈಗ ನಾ ಕೊಡ ಕೆಳಗ ಇಟ್ರ ಮೈಮ್ಯಾಲ ಬರ್ತಾನ. ನನ್ನ ಮಗ ಎಲ್ಲೋ ಹೋಗ್ಯಾನ, ಬ್ಯಾರೆ ಯಾರೋ ಮನ್ಯಾಗ ಮಲಗ್ಯಾರ ಅನಸ್ತದ್ರಿ ನನಗ."

ಡಾಕ್ಟರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ತಲೆಬುರುಡೆ ಒಡೆದಿಲ್ಲ, ರಕ್ತ ಸೋರಿಲ್ಲ, ಅದಕ್ಕೇ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಆದರೆ ಒಳಗೆ ಮಿದುಳು ಅಲ್ಲಾಡಿದೆ. ಪೆಟ್ಟು ಬಿದ್ದ ಗಳಿಗೆಯಲ್ಲೇ ಹೊರಗೆ ಕರೆದು ಮಲಗಿಸಿದ್ದರೆ ಬಹುಶಃ ಬೇಗ ಹೋಗುತ್ತಿತ್ತು. ಅರ್ಧ ಗಂಟೆ ಆಡಿಸಿ, ಹೆಗಲ ಮೇಲೆ ಕುಣಿಸಿ ಅದನ್ನು ಹೆಚ್ಚಿಸಿದ್ದಾರೆ. ವಾಸಿಯಾಗುತ್ತದೆ, ನಿಧಾನವಾಗಿ. ಇದು ಮಾಯುವ ಮುಂಚೆ ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೇ ಅಪಾಯ. ಫುಟ್‌ಬಾಲ್ ಸಾಕು.

"ಸಾಕು ಅಂದ್ರ ಈ ವರ್ಷಕ್ಕೇನ್ರಿ?" ಎಂದು ಕೇಳಿದೆ.

"ನಿನ್ನ ಮಟ್ಟಿಗೆ ಪೂರಾ ಸಾಕು" ಎಂದರು ಡಾಕ್ಟರು.

ಹೊರಗೆ ಬಂದು ಅಳುವುದೋ ನಗುವುದೋ ತಿಳಿಯಲಿಲ್ಲ. ಆಟ ಹೋಯಿತೆಂದು ಅಳು. ನನಗೆ ರೋಗವಿದೆ ಎಂದು ಒಬ್ಬರಾದರೂ ಹೇಳಿದರಲ್ಲ ಎಂದು ಹಬ್ಬದಂಥ ಸಂತೋಷ. ರೋಗವಿದೆ ಅನ್ನಿಸಿಕೊಂಡು ಸಂತೋಷಪಡುವ ಸ್ಥಿತಿಗೆ ಬರುತ್ತೇನೆಂದು ನಾನೆಂದೂ ಅಂದುಕೊಂಡಿರಲಿಲ್ಲ.

ವಾಸಿಯಾಗುವುದು ಮೆಟ್ಟಿಲು ಹತ್ತಿದ ಹಾಗಲ್ಲ. ಎರಡು ದಿನ ಚೆನ್ನಾಗಿದ್ದು, ಮೂರನೆಯ ದಿನ ಮದುವೆಯ ಬ್ಯಾಂಡಿನ ಸಪ್ಪಳಕ್ಕೆ ಮತ್ತೆ ಹಾಸಿಗೆ. ಅಪ್ಪ ಈಗ ಓಣಿಯ ಬಾಯಿಯಲ್ಲಿ ನಿಂತು ನೋಡಲು ಬಂದವರನ್ನು ಅಲ್ಲಿಂದಲೇ ಕಳಿಸುತ್ತಿದ್ದರು. ಸಂಜೆ ನನಗೆ ದಿನಪತ್ರಿಕೆ ಓದಿ ಹೇಳುತ್ತಿದ್ದರು, ಮೊದಲು ತಲೆಬರಹಗಳನ್ನಷ್ಟೇ, ಆಮೇಲೆ ಸುದ್ದಿಯನ್ನೂ. ಮಾಮಾ ಬಂದು, "ನಾ ಹಂಗ ಅನಬಾರದಿತ್ತು" ಎಂದು ಹೇಳಲಿಲ್ಲ. ತಮ್ಮ ಕಪ್ಪು ಕನ್ನಡಕ ತಂದು ಮಂಚದ ಮೇಲೆ ಇಟ್ಟು ಹೋದರು. ಅಷ್ಟು ಸಾಕಾಯಿತು.

ಹೀಗೆ ಒಂದು ವರ್ಷ ಕಳೆದು, ನಾನು ಮತ್ತೆ ಕಾಲೇಜಿಗೆ ಸೇರಿದಾಗ ಮುಂದಿನ ಮ್ಯಾಚು ಹತ್ತಿರ ಬಂದಿತ್ತು. ಗೋಲಿಗೆ ಬೇರೆ ಹುಡುಗ. ನನ್ನ ತಲೆಯಲ್ಲಿ ಒಂದೇ ಯೋಚನೆ: ತಲೆಗೆ ಪೆಟ್ಟು ಬಿದ್ದವನನ್ನು ಆ ದಿನ ಮತ್ತೆ ಆಡಿಸಬಾರದೆಂಬ ಒಂದು ನಿಯಮ ಇರಲಿ. ಬಸವರಾಜನನ್ನು ಕರೆದುಕೊಂಡು, ಮ್ಯಾಚು ನಡೆಸುವ ಕಮಿಟಿಯ ಮುಂದೆ ಹೋದೆ. ಎರಡೂ ಕಾಲೇಜಿನ ಸರ್‌ಗಳು ಚಹಾ ಕುಡಿಯುತ್ತ ಕೂತಿದ್ದರು. ವರ್ಷವಿಡೀ ಒಬ್ಬರ ಮುಖ ಒಬ್ಬರು ನೋಡದವರು ಅವತ್ತು ನನ್ನ ವಿರುದ್ಧ ಎಷ್ಟು ಚಂದ ಒಂದಾದರು!

"ರೂಲಿನೊಳಗ ಎಲ್ಲಿ ಅದ ತೋರ್ಸು."

"ಇಲ್ಲ ಸರ್, ಅದಕ್ಕ ಹೊಸದಾಗಿ ಮಾಡ್ರಿ ಅನ್ನಾಕತ್ತೀನಿ."

"ಹಂಗ ಮಾಡಿದ್ರ ಸೋಲೂ ಟೀಮಿನವರು ಎದುರಿನವರ ತಲಿಗೇ ಗುರಿ ಇಡ್ತಾರ."

"ಫುಟ್‌ಬಾಲ್ ಅಂದ ಮ್ಯಾಲ ಪೆಟ್ಟು ಬೀಳ್ತಾವ. ಅಂಜಿಕಿ ಇದ್ದವರು ಕೇರಂ ಆಡ್ಲಿ" ಎಂದರು ನಮ್ಮವರೇ. ನನ್ನನ್ನು ಹುಲಿ ಎಂದಿದ್ದವರು.

ಸಿಟ್ಟಿಗೆ ತಲೆ ಸಿಡಿಯತೊಡಗಿತು. ಆ ತಲೆಗೆ ಸಿಟ್ಟು ಮಾಡಿಕೊಳ್ಳುವ ಸ್ವಾತಂತ್ರ್ಯವೂ ಇರಲಿಲ್ಲ. ಬಸವರಾಜ ನನ್ನನ್ನು ಹೊರಗೆ ಕರೆದುಕೊಂಡು ಬಂದು, ನೆಹರು ಗಂಜಿನ ಅವರ ಬೇಳೆ ಅಂಗಡಿಯಲ್ಲಿ ಚೀಲಗಳ ನೆರಳಿಗೆ ಮಲಗಿಸಿದ. ಇಮ್ತಿಯಾಜ್‌ಗೆ ಹೇಳಿ ಕಳಿಸಿದ. ಆ ವರ್ಷ ಅವನೇ ಅವರ ಕ್ಯಾಪ್ಟನ್. ತೊಗರಿಬೇಳೆಯ ಧೂಳಿನಲ್ಲಿ ಸೀನುತ್ತ ಇಬ್ಬರು ಕ್ಯಾಪ್ಟನ್ನರು ಮಾತಿಗೆ ಕೂತರು.

"ಸರ್‌ಗಳು ಮಾಡಂಗಿಲ್ಲ. ನಾವ ಮಾಡೂಣು" ಎಂದ ಇಮ್ತಿಯಾಜ್. "ಯಾರ ತಲಿಗೆ ಬಿದ್ರೂ ಅವ ಹೊರಗ. ಅವನ ಬದಲಿ ಯಾರೂ ಉಳಿದಿಲ್ಲ ಅಂದ್ರ, ಎದುರಿನ ಟೀಮೂ ಒಬ್ಬನ್ನ ಹೊರಗ ಕಳಿಸಬೇಕು. ಹಿಸಾಬ್ ಬರಾಬರ್."

"ಯಾರನ್ನ ಕಳಸೂದು?"

"ಅದು ಆ ಕ್ಯಾಪ್ಟನ್ನಿನ ಮರ್ಜಿ."

ಬಸವರಾಜ ಸ್ವಲ್ಪ ಯೋಚಿಸಿ ಕೈ ಚಾಚಿದ. ಇಬ್ಬರೂ ಕೈ ಹಿಡಿದು ಕುಲುಕಿದರು.

ಮ್ಯಾಚಿನ ದಿನ ನಾನು ಮಾಮಾನ ಕಪ್ಪು ಕನ್ನಡಕ ಹಾಕಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು, ಗೆರೆಯ ಹೊರಗೆ ಕೂತಿದ್ದೆ. ಆಟ ಸಮಸಮವಾಗಿಯೇ ನಡೆದಿತ್ತು. ಮುಗಿಯಲು ಸ್ವಲ್ಪ ಹೊತ್ತಿರುವಾಗ ಮೂಲೆಯಿಂದ ಬಂದ ಚೆಂಡಿಗೆ ಇಮ್ತಿಯಾಜೂ ನಮ್ಮ ಹುಡುಗನೊಬ್ಬನೂ ಒಟ್ಟಿಗೆ ಹಾರಿದರು. ನಮ್ಮ ಹುಡುಗನ ಮೊಣಕೈ ಅವನ ಕಿವಿಯ ಹಿಂದೆ ಬಡಿಯಿತು. ಇಮ್ತಿಯಾಜ್ ಬಿದ್ದವನು ಅಲುಗಾಡಲಿಲ್ಲ.

ಅವರ ಸರ್ ನೀರಿನ ತಂಬಿಗೆ ಹಿಡಿದು ಓಡಿದರು. ನಾನೂ ಓಡಿದೆ. ಓಡಬಾರದಿತ್ತು, ನೆಲ ಓಲಾಡುತ್ತಿತ್ತು. ಇಮ್ತಿಯಾಜ್ ಎದ್ದು ಕೂತು, "ಮುಝೇ ಕುಛ್ ನಹೀ ಹುಆ. ಛೋಡೋ, ಏನೂ ಆಗಿಲ್ಲ ನನಗ" ಎಂದ. ನಾನು ಕನ್ನಡಕ ತೆಗೆದು ಅವನ ಕಣ್ಣು ನೋಡಿದೆ. ಅವು ನನ್ನ ಕಡೆ ತಿರುಗಿದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ.

"ಬಸು, ಇವನ್ನ ಹೊರಗ ಕರಕೊಂಡ ನಡಿ" ಎಂದೆ.

ಅವರ ಸರ್ ಬಸವರಾಜನ ಎದೆಗೆ ಕೈ ಹಚ್ಚಿ ತಳ್ಳಿದರು. "ನಮ್ಮ ಹುಡುಗನ್ನ ಹೊರಗ ಹಾಕಲಿಕ್ಕೆ ನೀ ಯಾರಲೇ? ನಮ್ಮ ಬದಲಿ ಹುಡುಗರು ಮುಗದಾರ ಅಂತ ನೋಡಿ ಆಟ ಕಟ್ಟೀರೇನು?"

ಬಸವರಾಜ ತನ್ನ ಕ್ಯಾಪ್ಟನ್ನಿನ ತೋಳಿನ ಪಟ್ಟಿ ಬಿಚ್ಚಿದ. ಹತ್ತಿರ ನಿಂತಿದ್ದ ನಮ್ಮ ಹುಡುಗನ ಕೈಯಲ್ಲಿ ಇಟ್ಟ. ರೆಫರಿಯ ಬಳಿ ಹೋಗಿ ಏನೋ ಹೇಳಿ, ಬಂದು ಇಮ್ತಿಯಾಜ್‌ನ ಒಂದು ಕಂಕುಳಿಗೆ ಕೈ ಕೊಟ್ಟ. ನಮ್ಮ ತಂಡದ ಎಲ್ಲರಿಗಿಂತ ಒಳ್ಳೆಯ ಆಟಗಾರ, ನಮ್ಮ ಕ್ಯಾಪ್ಟನ್, ತಾನೇ ಹೊರಗೆ ಹೊರಟಿದ್ದ. ಎರಡೂ ಕಡೆಯವರು ಕೂಗಿದರು. ನಮ್ಮ ಸರ್ ಗೆರೆಯ ಮೇಲೆ ನಿಂತು, "ಮ್ಯಾಚ್ ಮಾರಿದ್ಯೇನೋ ಮಗನ!" ಎಂದು ಅರಚಿದರು. ಯಾರೋ ಎಸೆದ ಚಪ್ಪಲಿ ನನ್ನ ಕಾಲಿನ ಬಳಿ ಬಿತ್ತು. ಅವರ ಸರ್ ಮಾತ್ರ ನೀರಿನ ತಂಬಿಗೆ ಕೆಳಗಿಟ್ಟರು. ಆಮೇಲೆ ಬಂದು ಇಮ್ತಿಯಾಜ್‌ನ ಇನ್ನೊಂದು ಕಂಕುಳಿಗೆ ತಾವೇ ಕೈ ಕೊಟ್ಟರು.

ಬಸವರಾಜನಿಲ್ಲದ ನಮ್ಮ ರಕ್ಷಣೆಯ ಸಾಲಿನಲ್ಲಿ ದಾರಿ ಮಾಡಿಕೊಂಡು ಅವರು ಕೊನೆಗೆ ಒಂದು ಗೋಲು ಹೊಡೆದು ಗೆದ್ದರು. ಆ ಸುದ್ದಿ ನಮಗೆ ಆಸ್ಪತ್ರೆಯಲ್ಲಿ ತಲುಪಿತು.

ಇಮ್ತಿಯಾಜ್ ಕೆಲವೇ ವಾರಗಳಲ್ಲಿ ಸರಿಹೋದ. ಅವನಿಗೆ ಕತ್ತಲೆ ಕೋಣೆ ಮೊದಲ ದಿನವೇ ಸಿಕ್ಕಿತು. ಜಮಖಾನೆಯನ್ನು ಅವ್ವನೇ ಕಮಲಾಪುರದಿಂದ ಕಳಿಸಿದಳು. ಕಮಿಟಿಯವರು ಆಮೇಲೂ ನಿಯಮ ಬರೆಯಲಿಲ್ಲ. ಬಸವರಾಜನನ್ನು ತಂಡದಿಂದ ತೆಗೆದರು. ಆದರೆ ಎರಡೂ ಕಾಲೇಜಿನ ಕ್ಯಾಪ್ಟನ್ನರು ಮ್ಯಾಚಿನ ಹಿಂದಿನ ದಿನ ಗಂಜಿನ ಆ ಅಂಗಡಿಗೆ ಬಂದು ಕೈ ಕುಲುಕುವುದು ಮುಂದೆಯೂ ಕೆಲವು ವರ್ಷ ನಡೆಯಿತು.

ಮ್ಯಾಚು ಮುಗಿದ ಆ ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರು ಬರುವವರೆಗೆ ಇಮ್ತಿಯಾಜ್‌ನನ್ನು ನಡುವೆ ಕೂಡಿಸಿಕೊಂಡು ನಾವು ಬೆಂಚಿನ ಮೇಲೆ ಕೂತಿದ್ದೆವು. ಅವನು ನನ್ನ ತೋಳು ಹಿಡಿದು ಕೇಳಿದ:

"ಕೌನ್ ಜೀತಾ ರೇ?"

"ನೀವ ಗೆದ್ರಿ."

ಅವನ ಮುಖ ಅರಳಿತು. "ಸಚ್ಚೀ?" ಎಂದು ನಕ್ಕ. ಸ್ವಲ್ಪ ಹೊತ್ತು ಗೋಡೆ ನೋಡುತ್ತ ಕೂತು, ಮತ್ತೆ ನನ್ನ ತೋಳು ಹಿಡಿದ.

"ಕೌನ್ ಜೀತಾ ರೇ?"

"ನೀವ ಗೆದ್ರಿ."

ಮತ್ತೆ ಅದೇ ಅರಳಿದ ಮುಖ, ಆಗತಾನೇ ಕೇಳಿದಷ್ಟು ಸಂತೋಷ. ಹೀಗೇ ನಡೆಯಿತು. ಸೋತು, ಬೈಸಿಕೊಂಡು ಬಂದಿದ್ದ ಬಸವರಾಜನಿಗೆ ತಡೆಯಲಾಗಲಿಲ್ಲ.

"ಲೇ ಶೀನಾ, ನಾವು ಸೋತದ್ದನ್ನ ಇನ್ನ ಎಷ್ಟ ಸಲ ಹೇಳ್ತಿ?"

"ಅವ ಕೇಳಿದಷ್ಟು ಸಲ" ಎಂದೆ.